ಮಂಡಿ ತರಚಿದಾಗ ಸುದ್ದಿ ಮುಟ್ಟಿಸುವವರು ಯಾರು?

ಆಟದ ಬಯಲಿನಲ್ಲಿ ಓಡುತ್ತಾ ಎಡವಿ ಬಿದ್ದಿರಿ. ಮಂಡಿ ತರಚಿತು. ಮರುಕ್ಷಣವೇ ಉರಿ ಶುರು! ಸ್ವಲ್ಪ ರಕ್ತವೂ ಜಿನುಗಿತು. ಆದರೆ ಅದು ಸುರಿಯುತ್ತಲೇ ಇರಲಿಲ್ಲ; ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಂತಿತು. 'ಇಲ್ಲಿ ಗಾಯವಾಗಿದೆ' ಎಂದು ನರಕ್ಕೆ ಹೇಳಿದವರು ಯಾರು? 'ಬೇಗ ಬನ್ನಿ, ತೂತು ಮುಚ್ಚಿ' ಎಂದು ರಕ್ತಕ್ಕೆ ಹೇಳಿದವರು ಯಾರು? ಈ ಎರಡೂ ಕೆಲಸಗಳಲ್ಲಿ ಒಂದೇ ಮನೆತನದ ಅಣುಗಳ ಕೈವಾಡವಿದೆ. ಆ ಮನೆತನದ ಹಿರಿಯನ ಹೆಸರು ಎಟಿಪಿ. ಪೂರ್ತಿ ಹೆಸರು ಅಡಿನೋಸಿನ್ ಟ್ರೈಫಾಸ್ಫೇಟ್.

ಎಟಿಪಿಯನ್ನು ಬಾಲವಿರುವ ಒಂದು ಗಾಳಿಪಟ ಎಂದುಕೊಳ್ಳಿ. ಪಟದ ಭಾಗ ಅಡಿನೋಸಿನ್. ಬಾಲದಲ್ಲಿ ಮೂರು ಗಂಟು. ಒಂದೊಂದು ಗಂಟೂ ಒಂದು ಫಾಸ್ಫೇಟ್. ಒಂದು ಗಂಟು ಕಳಚಿದರೆ ಅದು ಎಡಿಪಿ. ಮೂರೂ ಕಳಚಿದರೆ ಉಳಿಯುವುದು ಬರೀ ಅಡಿನೋಸಿನ್. ಗಂಟು ಕಳಚುವಾಗ ಶಕ್ತಿ ಬಿಡುಗಡೆಯಾಗುತ್ತದೆ. ನೀವು ಕೈ ಎತ್ತುವುದು, ಹೃದಯ ಬಡಿಯುವುದು, ಎಲ್ಲವೂ ಈ ಶಕ್ತಿಯಿಂದಲೇ. ಒಲೆಗೆ ಸೌದೆ ಇದ್ದ ಹಾಗೆ ಜೀವಕೋಶಕ್ಕೆ ಎಟಿಪಿ.

ಎಟಿಪಿ ಪತ್ತೆಯಾದದ್ದು 1929ರಲ್ಲಿ. ಜರ್ಮನಿಯ ಕಾರ್ಲ್ ಲೋಮನ್ ಅದನ್ನು ಸ್ನಾಯುವಿನಲ್ಲಿ ಕಂಡರು. ಅದೇ ಹೊತ್ತಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ ದುಡಿಯುತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಕಂಡರು. ಸುಬ್ಬರಾವ್ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ಇಷ್ಟು ದೊಡ್ಡ ವಿಜ್ಞಾನಿಯ ಹೆಸರು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ.

ಅಂದಿನಿಂದ ಎಲ್ಲರೂ ಎಟಿಪಿಯನ್ನು ಸೌದೆ ಎಂದೇ ನಂಬಿದರು. ಅದು ಸುದ್ದಿಯನ್ನೂ ಒಯ್ಯಬಲ್ಲದು ಎಂದು ಹೇಳಿ ಹಲವರ ಅಪನಂಬಿಕೆಗೆ ಗುರಿಯಾದವರು ಜೆಫ್ರಿ ಬರ್ನ್‌ಸ್ಟಾಕ್. 1960ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್‌ನಲ್ಲಿ ಅವರೂ ಅವರ ಜೊತೆಗಾರರೂ ಒಂದು ಪ್ರಯೋಗ ಮಾಡಿದರು. ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯ ಕರುಳಿನಿಂದ ಸ್ನಾಯುವಿನ ಒಂದು ಪಟ್ಟಿಯನ್ನು ತೆಗೆದುಕೊಂಡರು. ನರಗಳು ಸ್ನಾಯುವಿಗೆ ಸುದ್ದಿ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಕರುಳಿನ ಮಟ್ಟಿಗೆ ಆಗ ಗೊತ್ತಿದ್ದದ್ದು ಎರಡು: ಅಸಿಟೈಲ್‌ಕೋಲಿನ್ ಮತ್ತು ನಾರ್‌ಅಡ್ರಿನಲಿನ್. ಔಷಧ ಹಾಕಿ ಎರಡರ ದಾರಿಯನ್ನೂ ಕಟ್ಟಿದರು. ನಂತರ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟರು. ಸುದ್ದಿ ಒಯ್ಯುವವರೇ ಇಲ್ಲದ ಮೇಲೆ ಸ್ನಾಯು ಸುಮ್ಮನಿರಬೇಕು ತಾನೆ? ಇರಲಿಲ್ಲ. ಅದು ಸಡಿಲಗೊಂಡಿತು! ಅಂದರೆ ಮೂರನೆಯ ದೂತನೊಬ್ಬ ಇದ್ದಾನೆ ಎಂದಾಯಿತು.

ಆ ದೂತನನ್ನು ಹುಡುಕಲು ಹಲವು ವರ್ಷ ಬೇಕಾಯಿತು. ಅದು ಎಟಿಪಿಯೇ ಇರಬೇಕೆಂದು 1970ರಲ್ಲಿ ಅವರ ತಂಡ ಹೇಳಿತು. ಇಂಥ ನರಗಳಿಗೆ 'ಪ್ಯೂರಿನರ್ಜಿಕ್' ಎಂದು ಬರ್ನ್‌ಸ್ಟಾಕ್ 1972ರಲ್ಲಿ ಹೆಸರಿಟ್ಟರು. ಎಟಿಪಿ ಪ್ಯೂರಿನ್ ಎಂಬ ಗುಂಪಿಗೆ ಸೇರಿದ್ದರಿಂದ ಈ ಹೆಸರು. ಆದರೆ ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ. ಪ್ರತಿ ಜೀವಕೋಶದಲ್ಲೂ ತುಂಬಿರುವ ಸೌದೆಯನ್ನು ಯಾರಾದರೂ ಕಾಗದವಾಗಿ ಬಳಸುತ್ತಾರೆಯೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ಸಿಗಲು ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಉತ್ತರ ಇದ್ದದ್ದು ಜೀವಕೋಶದ ಹೊರಪೊರೆಯ ಮೇಲೆ. ಅಲ್ಲಿ ಬೀಗದಂಥ ಪ್ರೋಟೀನುಗಳಿವೆ. ಅವುಗಳನ್ನು ಗ್ರಾಹಕಗಳು ಎನ್ನುತ್ತಾರೆ. ಸರಿಯಾದ ಕೀಲಿಕೈ ಬಂದು ಕೂತರೆ ಮಾತ್ರ ಅವು ಕೆಲಸ ಮಾಡುತ್ತವೆ. ಎಟಿಪಿ, ಎಡಿಪಿ, ಅಡಿನೋಸಿನ್‌ಗಳಿಗೆಂದೇ ಇರುವ ಬೀಗಗಳ ರಚನೆ 1990ರ ದಶಕದ ಆರಂಭದಲ್ಲಿ ಒಂದೊಂದಾಗಿ ತಿಳಿಯಿತು. ಆ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಈಗ ಇವುಗಳಲ್ಲಿ 19 ಬಗೆ ಗೊತ್ತಿವೆ. ಬರ್ನ್‌ಸ್ಟಾಕ್ ತಮ್ಮ ಮಾತು ಗೆದ್ದದ್ದನ್ನು ನೋಡಿ, 2020ರಲ್ಲಿ ತೀರಿಕೊಂಡರು.

ಈಗ ಮತ್ತೆ ನಿಮ್ಮ ಮಂಡಿಗೆ ಬರೋಣ. ಜೀವಕೋಶದ ಒಳಗೆ ಎಟಿಪಿ ಧಾರಾಳ, ಹೊರಗೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮ ತರಚಿದಾಗ ಜೀವಕೋಶಗಳು ಒಡೆದು ಎಟಿಪಿ ಹೊರಗೆ ಚೆಲ್ಲುತ್ತದೆ. ಅಕ್ಕಿ ಮೂಟೆ ಹರಿದದ್ದು ನೆಲದ ಮೇಲಿನ ಅಕ್ಕಿಯಿಂದ ಗೊತ್ತಾಗುವುದಿಲ್ಲವೆ? ಹಾಗೆಯೇ ಇದು. ಹತ್ತಿರದ ನರದ ತುದಿಯಲ್ಲಿ ಪಿ2ಎಕ್ಸ್3 ಎಂಬ ಬೀಗವಿದೆ. ಎಟಿಪಿ ಬಂದು ಅದರಲ್ಲಿ ಕೂತೊಡನೆ ಒಂದು ಕಿರುಬಾಗಿಲು ತೆರೆಯುತ್ತದೆ, ನರ ಮಿದುಳಿಗೆ ಸುದ್ದಿ ಕಳಿಸುತ್ತದೆ. ಗಾಯದ ನೋವಿಗೆ ಬೇರೆ ರಾಸಾಯನಿಕಗಳೂ ಕಾರಣ; ಎಟಿಪಿ ಅವುಗಳಲ್ಲಿ ಒಂದು.

ರಕ್ತದ ಕೆಲಸ ಎಡಿಪಿಯದು. ರಕ್ತದಲ್ಲಿ ಕಿರುತಟ್ಟೆಗಳೆಂಬ ಚಿಕ್ಕ ಚಿಕ್ಕ ತುಣುಕುಗಳು ತೇಲುತ್ತಿರುತ್ತವೆ. ಗಾಯದ ಬಳಿ ಮೊದಲು ಅಂಟಿಕೊಂಡ ಕಿರುತಟ್ಟೆಗಳು ಎಡಿಪಿಯನ್ನು ಹೊರಹಾಕುತ್ತವೆ. ಉಳಿದವುಗಳ ಮೇಲೆ ಪಿ2ವೈ12 ಎಂಬ ಬೀಗವಿದೆ. ಎಡಿಪಿ ಅದರಲ್ಲಿ ಕೂತಾಗ ಅವೂ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೂತು ಮುಚ್ಚುತ್ತದೆ.

ಮಂಡಿಯಲ್ಲಿ ಇದು ಒಳ್ಳೆಯದು. ಆದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಇದೇ ನಡೆದರೆ? ಕೊಬ್ಬು ಕಟ್ಟಿದ ನಾಳದ ಒಳಗೋಡೆ ಬಿರಿದಾಗ ಕಿರುತಟ್ಟೆಗಳು ಅದನ್ನೂ ಗಾಯವೆಂದೇ ತಿಳಿಯುತ್ತವೆ. ಅಲ್ಲೂ ಗುಂಪುಗೂಡಿ ದಾರಿ ಮುಚ್ಚುತ್ತವೆ. ಆಗ ಹೃದಯಾಘಾತವಾಗುತ್ತದೆ. ಅದಕ್ಕಾಗಿ ವೈದ್ಯರು ಕ್ಲೊಪಿಡೊಗ್ರೆಲ್ ಎಂಬ ಮಾತ್ರೆ ಕೊಡುತ್ತಾರೆ. ನಿಮ್ಮ ಅಜ್ಜನೋ ಅಜ್ಜಿಯೋ ಇದನ್ನು ನುಂಗುತ್ತಿರಬಹುದು. ಅದು ಪಿ2ವೈ12 ಬೀಗದೊಳಗೆ ಸಿಕ್ಕಿಕೊಂಡು ಎಡಿಪಿಗೆ ಜಾಗವಿಲ್ಲದಂತೆ ಮಾಡುತ್ತದೆ. ಆ ಕಿರುತಟ್ಟೆ ಬದುಕಿರುವ ಏಳರಿಂದ ಹತ್ತು ದಿನವೂ ಬೀಗ ಹಾಗೇ ಇರುತ್ತದೆ. ಹಲ್ಲು ಕೀಳುವ ಮೊದಲು, ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಈ ಮಾತ್ರೆಯ ಬಗ್ಗೆ ಕೇಳುವುದು ಇದಕ್ಕೇ. ವೈದ್ಯರನ್ನು ಕೇಳದೆ ಇದನ್ನು ನಿಲ್ಲಿಸುವುದೂ ಅಪಾಯ. ಇನ್ನೊಂದು ಸ್ವಾರಸ್ಯ: ಮಾತ್ರೆ ಬಳಕೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ, ಅದು ಕಟ್ಟುವ ಬೀಗ ಯಾವುದೆಂದು ಖಚಿತವಾದದ್ದು 2001ರಲ್ಲಿ!

ಬಾಲ ಕಳೆದುಕೊಂಡ ಅಡಿನೋಸಿನ್‌ಗೂ ತನ್ನದೇ ಬೀಗಗಳಿವೆ. ನಾವು ಎಚ್ಚರವಾಗಿದ್ದಷ್ಟೂ ಅದು ಮಿದುಳಿನಲ್ಲಿ ಹೆಚ್ಚುತ್ತದೆ, ತನ್ನ ಬೀಗಗಳಲ್ಲಿ ಕೂತು ನಿದ್ದೆ ಬರಿಸುತ್ತದೆ. ಚಿಕ್ಕಮಗಳೂರು, ಕೊಡಗಿನ ತೋಟಗಳಿಂದ ಬರುವ ಕಾಫಿಯಲ್ಲಿ ಕೆಫೀನ್ ಇದೆಯಲ್ಲ, ಅದರ ಆಕಾರ ಅಡಿನೋಸಿನ್‌ನ ಹಾಗೆಯೇ. ಅದು ಬೀಗದೊಳಗೆ ಕೂರುತ್ತದೆ, ಆದರೆ ತಿರುಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಕಾಫಿ ಕುಡಿದು ಓದುವವರು ಗಮನಿಸಿ: ದಣಿವು ಹೋಗಿಲ್ಲ, ಸುದ್ದಿ ತಲುಪಿಲ್ಲ ಅಷ್ಟೆ.

ಪಿ2ಎಕ್ಸ್3 ಬೀಗ ಗಂಟಲು ಮತ್ತು ಶ್ವಾಸನಾಳದ ನರಗಳಲ್ಲೂ ಇದೆ. ಕೆಲವರಿಗೆ ಕಾರಣವೇ ಸಿಗದೆ ತಿಂಗಳುಗಟ್ಟಲೆ ಕೆಮ್ಮು ಇರುತ್ತದೆ. ಈ ಬೀಗವನ್ನು ಮುಚ್ಚಿದರೆ ಕೆಮ್ಮು ಇಳಿದೀತೆಂದು ಗೆಫಾಪಿಕ್ಸಾಂಟ್ ಎಂಬ ಔಷಧ ತಯಾರಿಸಿದರು. 2022ರಲ್ಲಿ ಜಪಾನ್ ಅದಕ್ಕೆ ಒಪ್ಪಿಗೆ ನೀಡಿತು. ಕೆಮ್ಮು ಕಡಿಮೆಯಾಯಿತು ನಿಜ. ಆದರೆ ಔಷಧ ತೆಗೆದುಕೊಂಡ ಅನೇಕರಿಗೆ ಊಟದ ರುಚಿಯೇ ಕೆಟ್ಟಿತು! ಏಕೆಂದರೆ ನಾಲಿಗೆಯ ರುಚಿಮೊಗ್ಗುಗಳು ಉಪ್ಪು, ಹುಳಿ, ಸಿಹಿಯ ಸುದ್ದಿಯನ್ನು ನರಕ್ಕೆ ಮುಟ್ಟಿಸುವುದರಲ್ಲೂ ಎಟಿಪಿಗೆ ಪಾತ್ರವಿದೆ. ಅಲ್ಲಿನ ಬೀಗವೂ ಹೆಚ್ಚುಕಡಿಮೆ ಇದೇ. ಪಿ2ಎಕ್ಸ್2 ಎಂಬ ಇನ್ನೊಂದು ಬಗೆಯ ತುಂಡು ಅದರಲ್ಲಿ ಸೇರಿಕೊಂಡಿರುತ್ತದೆ, ಅಷ್ಟೇ ವ್ಯತ್ಯಾಸ. ಆ ಸಣ್ಣ ವ್ಯತ್ಯಾಸವನ್ನೇ ಹಿಡಿದು, ಗಂಟಲಿನ ಬೀಗವನ್ನು ಮಾತ್ರ ಮುಚ್ಚಿ ನಾಲಿಗೆಯದನ್ನು ಮುಟ್ಟದ ಔಷಧಕ್ಕಾಗಿ ವಿಜ್ಞಾನಿಗಳು ಈಗ ಹುಡುಕುತ್ತಿದ್ದಾರೆ.