ಹಳೆಯ ಕರ್ನೆಲನ್ನು ಅಳಿಸುವ ಮುನ್ನ

ಕೇರಳದ ಶಾಲೆಗಳಲ್ಲಿ ಕಲಿಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಕೈಟ್ ಸಂಸ್ಥೆ ಶಾಲೆಗಳಿಗೆ ಕೊಡುವ ವ್ಯವಸ್ಥೆ ಉಬುಂಟುವನ್ನು ಆಧರಿಸಿದ್ದು. ಮನೆಯ ಕಂಪ್ಯೂಟರಿಗೂ ಅದನ್ನೇ ಹಾಕಿಕೊಂಡವರಿದ್ದಾರೆ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಶನ್ಸ್' ತೆರೆದರೆ ಒಂದೇ ಬಗೆಯ ಹಲವು ಸಾಲುಗಳು ಕಾಣುತ್ತವೆ, ಅಂಕಿಗಳಷ್ಟೇ ಬೇರೆ. ಬೇಡದ ಕಸವೆಂದು ಕೆಲವರು ಇವನ್ನು ಅಳಿಸಲು ಹೊರಡುತ್ತಾರೆ. ಸ್ವಲ್ಪ ನಿಲ್ಲಿ.

ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವುದು ಕರ್ನೆಲ್. ಅಪ್‌ಡೇಟ್ ಬಂದಾಗ ಉಬುಂಟು ಹಳೆಯ ಕರ್ನೆಲನ್ನು ಕಿತ್ತುಹಾಕದೆ, ಹೊಸದನ್ನು ಅದರ ಪಕ್ಕದಲ್ಲೇ ಕೂರಿಸುತ್ತದೆ. ಪ್ರತಿ ಕರ್ನೆಲಿಗೂ ಅದರದೇ ಡ್ರೈವರುಗಳಿರುತ್ತವೆ. ನಿಮ್ಮ ಫೈಲುಗಳು ಮಾತ್ರ ಎಲ್ಲಕ್ಕೂ ಒಂದೇ. ಯಾವ ಬಾಗಿಲಿನಿಂದ ಹೊಕ್ಕರೂ ಮನೆ ಅದೇ.

ಅಪ್‌ಡೇಟ್ ಆದ ಮರುದಿನ ವೈಫೈ ಸಿಗುವುದಿಲ್ಲ, ಇಲ್ಲವೇ ಪರದೆ ಕಪ್ಪಾಗಿ ನಿಲ್ಲುತ್ತದೆ. ಎನ್ವಿಡಿಯಾ ಕಾರ್ಡಿರುವವರಿಗೆ ಇದು ಗೊತ್ತಿರುವ ಕಾಟ. ಅಂಗಡಿಗೆ ಒಯ್ದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿದರೆ ಮಕ್ಕಳ ಪ್ರಾಜೆಕ್ಟು, ಮನೆಯ ಫೋಟೋಗಳು ಹೋದ ಹಾಗೆಯೇ. ಅದಕ್ಕೂ ಮೊದಲು ಆಫ್ ಮಾಡಿ, ಆನ್ ಮಾಡುವಾಗ ಶಿಫ್ಟ್ ಕೀಲಿ ಹಿಡಿದುಕೊಳ್ಳಿ; ಹೊಸ ಯಂತ್ರಗಳಲ್ಲಿ ಎಸ್ಕೇಪ್ ಒತ್ತಿ, ಒಂದೇ ಸಲ ಸಾಕು. ಮೆನುವಿನಲ್ಲಿ ಚಿಕ್ಕ ಅಂಕಿಯ, ಅಂದರೆ ಹಳೆಯ, ಕರ್ನೆಲನ್ನು ಆರಿಸಿ. ಅದರಲ್ಲಿ ಎಲ್ಲವೂ ನಡೆದರೆ ದೋಷ ಹಾರ್ಡ್‌ವೇರಿನದ್ದಲ್ಲ, ಹೊಸ ಕರ್ನೆಲಿನದ್ದು ಅಥವಾ ಅದರ ಡ್ರೈವರಿನದ್ದು. ಮುಂದಿನ ಅಪ್‌ಡೇಟ್ ಬರುವವರೆಗೆ ಹಳೆಯದರಲ್ಲೇ ಕೆಲಸ ಮಾಡಬಹುದು. ಆದರೆ ಅಲ್ಲೇ ನೆಲೆಯೂರುವುದು ಬೇಡ, ಭದ್ರತೆಯ ತಿದ್ದುಪಡಿಗಳು ಬರುವುದು ಹೊಸದಕ್ಕೆ.

ಹಾಗೆಂದು ಎಲ್ಲವನ್ನೂ ಕೂಡಿಡಲೂ ಆಗದು. ಬೂಟ್ ವಿಭಾಗ ಪ್ರತ್ಯೇಕವಾಗಿದ್ದರೆ ಅದು ಚಿಕ್ಕದು. ತುಂಬಿದರೆ ಮುಂದಿನ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಅಲ್ಲಿನ ಫೈಲುಗಳನ್ನು ಕೈಯಿಂದ ಅಳಿಸಬೇಡಿ: ಕರ್ನೆಲ್ ಇನ್ನೂ ಇದೆಯೆಂದೇ ವ್ಯವಸ್ಥೆ ತಿಳಿದಿರುತ್ತದೆ. ಟರ್ಮಿನಲ್ಲಿನಲ್ಲಿ 'ಸುಡೊ ಎಪಿಟಿ ಆಟೋರಿಮೂವ್' ಕೊಡಿ, ಇಂಗ್ಲಿಷ್ ಅಕ್ಷರಗಳಲ್ಲೇ. ಏನೇನು ತೆಗೆಯುತ್ತೇನೆಂದು ಅದು ಮೊದಲು ಪಟ್ಟಿ ತೋರಿಸುತ್ತದೆ. ಓದಿ ಒಪ್ಪಿಗೆ ಕೊಡಿ. ಆ ಹೊತ್ತಿನಲ್ಲಿ ಓಡುತ್ತಿರುವ ಕರ್ನೆಲನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಹೊಸದರ ಮೇಲೆ ಅನುಮಾನವಿದ್ದರೆ ಹಳೆಯದರಲ್ಲಿ ಕುಳಿತೇ ಈ ಕೆಲಸ ಮಾಡಿ.

ನಮ್ಮ ಮಟ್ಟಿಗೆ ಎರಡು ಕರ್ನೆಲ್ ಇದ್ದರೆ ಸಾಕು. ಹೊಸದು ಬಂದ ಮೇಲೆ ಒಂದು ವಾರ ವೈಫೈ, ಧ್ವನಿ, ಪ್ರಿಂಟರ್ ಎಲ್ಲವನ್ನೂ ಬಳಸಿ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ಗಮನಿಸಿ. ಇದನ್ನು ಮರೆಯುವವರೇ ಹೆಚ್ಚು.