ದೇವನಗರದ ನೀರು

ಬ್ಯಾಂಕಾಕಿಗೆ ಹೋಗಿಬರುವ ಭಾರತೀಯ ಪ್ರವಾಸಿಗೆ ಬೆರಗು ಕಾದಿರುವುದು ವಿಮಾನನಿಲ್ದಾಣದಲ್ಲಿಯೇ. 2006ರಲ್ಲಿ ಆರಂಭವಾದ ಆ ನಿಲ್ದಾಣದ ಹೆಸರು ಸುವರ್ಣಭೂಮಿ. ಅದರ ನಿರ್ಗಮನ ವಿಭಾಗದಲ್ಲಿ ದೇವದಾನವರು ವಾಸುಕಿಯನ್ನು ಹಿಡಿದೆಳೆದು ಕಡಲನ್ನು ಕಡೆಯುತ್ತಿರುವ ಭಾರಿ ಶಿಲ್ಪವಿದೆ. ನಾವು ಪರದೇಶಕ್ಕೆ ಬಂದೆವೋ, ನಮ್ಮ ಪುರಾಣದೊಳಕ್ಕೇ ಹೊಕ್ಕೆವೋ ಎಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಆ ಹೆಸರನ್ನು ಊರಿನವರ ಬಾಯಲ್ಲಿ ಕೇಳಬೇಕು. ಅವರು ಅದನ್ನು ‘ಸುವನ್ನಫೂಮ್’ ಎನ್ನುತ್ತಾರೆ.

ಬ್ಯಾಂಕಾಕ್ ಎಂಬುದು ಹೊರಗಿನವರಲ್ಲಿ ಬಳಕೆಯಾದ ಹೆಸರು. ಥಾಯ್ ಜನರಿಗೆ ಇದು ‘ಕ್ರುಂಗ್ ಥೇಪ್’, ಎಂದರೆ ದೇವನಗರ. ಪೂರ್ಣ ನಾಮಧೇಯವಾದರೋ ಕೆಲವು ಸಾಲುಗಳಷ್ಟು ಉದ್ದವಾದುದು. ಜಗತ್ತಿನ ಅತಿ ದೀರ್ಘವಾದ ಸ್ಥಳನಾಮವೆಂದು ಅದು ದಾಖಲೆಯಾಗಿದೆ. ಮಹಾನಗರ, ಅಮರ, ನವರತ್ನ, ರಾಜಧಾನಿ, ವಿಮಾನ, ಅವತಾರ ಮುಂತಾದ ಪಾಲಿ ಮತ್ತು ಸಂಸ್ಕೃತ ಶಬ್ದಗಳ ಮಾಲೆಯದು. ಇಂದ್ರನು ಕೊಟ್ಟ, ವಿಶ್ವಕರ್ಮನು ಕಟ್ಟಿದ ಊರೆಂಬುದು ಅದರ ಕೊನೆಯ ಮಾತು. ಪದದ ಕೊನೆಗೆ ಬರುವ ರಕಾರವನ್ನು ಥಾಯ್ ನಾಲಗೆ ನಕಾರವಾಗಿ ಉಚ್ಚರಿಸುತ್ತದೆ. ಆದ್ದರಿಂದ ನಮ್ಮ ‘ನಗರ’ವು ಅಲ್ಲಿ ‘ನಖೋನ್’ ಆಗಿದೆ, ‘ಅಮರ’ವು ‘ಅಮೋನ್’ ಆಗಿದೆ.

ಅಮರವೆಂಬ ವಿಶೇಷಣದ ಹಿಂದೆ ಒಂದು ನೋವಿನ ಕಥೆಯಿದೆ. ನಾಲ್ಕು ಶತಮಾನಗಳ ಕಾಲ ಬಾಳಿದ ಅಯುತ್ಥಯಾ ರಾಜಧಾನಿಯನ್ನು 1767ರಲ್ಲಿ ಬರ್ಮಾದ ಸೈನ್ಯ ನಾಶಮಾಡಿತು. ಬಳಿಕ ತಾಕ್‌ಸಿನ್ ದೊರೆಯು ಚಾವೊ ಫ್ರಯಾ ನದಿಯ ಪಶ್ಚಿಮ ದಡದ ಥೊನ್‌ಬುರಿಯಿಂದ ಆಳಿದನು. 1782ರಲ್ಲಿ ಒಂದನೆಯ ರಾಮನೆಂದು ಪ್ರಸಿದ್ಧನಾದ ಅರಸನು ರಾಜಧಾನಿಯನ್ನು ಪೂರ್ವದ ದಡಕ್ಕೆ ತಂದನು. ಮೂರು ಕಡೆಗಳಲ್ಲಿ ನದಿಯ ತಿರುವು, ಉಳಿದೊಂದು ಕಡೆಗೆ ತೋಡಿದ ಕಾಲುವೆ: ಶತ್ರುವನ್ನು ತಡೆಯಲು ಇದಕ್ಕಿಂತ ಒಳ್ಳೆಯ ಎಡೆ ದೊರೆಯುವುದು ಕಷ್ಟ. ಹೀಗೆ ನೀರೇ ಊರಿಗೆ ಕೋಟೆಯಾಯಿತು.

ಅರಮನೆಯ ಆವರಣದಲ್ಲಿ ಮರಕತ ಬುದ್ಧನ ಮಂದಿರವಿದೆ. ಹೆಸರು ಮರಕತವಾದರೂ ಮೂರ್ತಿ ಬೇರೊಂದು ಹಸಿರು ಕಲ್ಲಿನದು. ಎತ್ತರ ಸುಮಾರು 66 ಸೆಂಟಿಮೀಟರು ಮಾತ್ರ. ಬೇಸಗೆ, ಮಳೆ, ಚಳಿಗಳಿಗೆ ತಕ್ಕಂತೆ ವರ್ಷಕ್ಕೆ ಮೂರು ಬಾರಿ ಅದರ ಚಿನ್ನದ ಉಡುಗೆಯನ್ನು ಬದಲಿಸುವುದು ಅರಸನ ಕರ್ತವ್ಯ. ಮಂದಿರದ ಸುತ್ತಣ ಪ್ರಾಕಾರದ ಗೋಡೆಯ ಮೇಲೆ 178 ಚಿತ್ರಗಳಲ್ಲಿ ‘ರಾಮಕೀಯೆನ್’, ಅಂದರೆ ಥಾಯ್ ರಾಮಾಯಣ, ಬಿಡಿಸಲ್ಪಟ್ಟಿದೆ. ಇದು ನಮ್ಮದೇ ಕಥೆಯಲ್ಲವೆ ಎಂದು ಹಿಗ್ಗುವವರು ತುಸು ತಾಳ್ಮೆಯಿಂದ ನೋಡಬೇಕು. ಇಲ್ಲಿಯ ಹನುಮಂತನು ಬ್ರಹ್ಮಚಾರಿಯಲ್ಲ. ತೋಸಕನ್ ಎಂಬ ರಾವಣನ ಮಗಳಾದ ಮತ್ಸ್ಯಕನ್ಯೆಯನ್ನು ಒಲಿಸಿ ಮಗನನ್ನು ಪಡೆದವನು! ಇದನ್ನು ಅಪಭ್ರಂಶವೆನ್ನುವುದು ಅತಿಥಿಗೆ ಒಪ್ಪುವ ಮಾತಲ್ಲ. ಬೀಜವು ಹೊರಗಿನಿಂದ ಬಂದಿರಬಹುದು, ಮರ ಅವರ ಮಣ್ಣಿನದು. ತೋಳು, ಮೊಣಕಾಲು ಮುಚ್ಚದ ಉಡುಪಿನವರಿಗೆ ಇಲ್ಲಿ ಪ್ರವೇಶವಿಲ್ಲ. ಮಂದಿರದೊಳಗೆ ಕುಳಿತಾಗ ಪಾದಗಳನ್ನು ಬುದ್ಧನತ್ತ ಚಾಚಬಾರದು.

ಆದರೆ ಅರಮನೆ, ಅಂಗಡಿಗಳನ್ನಷ್ಟೇ ನೋಡಿ ಹಿಂದಿರುಗುವವರು ಊರಿನ ಬೆನ್ನನ್ನು ಕಂಡಂತೆಯೇ ಸರಿ. ಅದರ ಮುಖವಿರುವುದು ನದಿಯ ಕಡೆಗೆ. ಹಿಂದೆ ಇಲ್ಲಿಯ ಬೀದಿಗಳೆಂದರೆ ‘ಖ್ಲೋಂಗ್’ ಎಂಬ ಕಾಲುವೆಗಳು. ಮನೆ, ಅಂಗಡಿಗಳೆಷ್ಟೋ ನೀರಿನ ಮೇಲೆಯೇ ತೇಲುತ್ತಿದ್ದುವು. ನೆರೆ ಬಂದಾಗ ಅವು ನೀರಿನೊಡನೆ ಏರುತ್ತಿದ್ದುವು, ಇಳಿದಾಗ ಇಳಿಯುತ್ತಿದ್ದುವು. ಕುದುರೆಗಾಡಿಯಲ್ಲಿ ತಿರುಗಾಡಲು ದಾರಿಯಿಲ್ಲದೆ ತಮ್ಮ ಆರೋಗ್ಯ ಕೆಡುತ್ತಿದೆಯೆಂದು ಯೂರೋಪಿಯನ್ನರು ನಾಲ್ಕನೆಯ ರಾಮನಿಗೆ ಬಿನ್ನವಿಸಿಕೊಂಡರು. 1860ರ ದಶಕದಲ್ಲಿ ‘ಚರೋಎನ್ ಕ್ರುಂಗ್’ ರಸ್ತೆ ನಿರ್ಮಾಣವಾಯಿತು. ಮುಂದಿನ ನೂರು ವರ್ಷಗಳಲ್ಲಿ ರಸ್ತೆಗಳು ಹೆಚ್ಚಿದುವು. ಎಷ್ಟೋ ಕಾಲುವೆಗಳು ಮಣ್ಣು ತುಂಬಿ ಮರೆಯಾದುವು.

ಅದರ ಬೆಲೆಯನ್ನು ನಗರ ಇಂದಿಗೂ ತೆರುತ್ತಿದೆ. ಇಲ್ಲಿಯ ನೆಲ ಸಮುದ್ರಮಟ್ಟದಿಂದ ಸರಾಸರಿ ಒಂದೂವರೆ ಮೀಟರಿನಷ್ಟೇ ಮೇಲಿದೆ. ಅಡಿಯಲ್ಲಿರುವುದು ಮೆತ್ತನೆಯ ಜೇಡಿ. ಕಾರ್ಖಾನೆ ಮತ್ತು ವಸತಿಗಳಿಗಾಗಿ ಅಂತರ್ಜಲವನ್ನು ಮಿತಿಮೀರಿ ಎತ್ತಿದುದರಿಂದ 1980ರ ಸುಮಾರಿಗೆ ಕೆಲವೆಡೆ ನೆಲ ವರ್ಷಕ್ಕೆ 10 ಸೆಂಟಿಮೀಟರುಗಳಷ್ಟು ಕುಸಿಯುತ್ತಿದ್ದಿತು. ಕಟ್ಟುಪಾಡುಗಳಿಂದ ಈ ವೇಗ ಬಹಳ ಕಡಿಮೆಯಾಗಿದೆಯಾದರೂ ಕುಸಿತ ನಿಂತಿಲ್ಲ. 2011ರ ಮಹಾಪೂರದಲ್ಲಿ ದೇಶದಾದ್ಯಂತ 800ಕ್ಕೂ ಹೆಚ್ಚು ಜನ ಸತ್ತರು; ಡೊನ್ ಮುಯಾಂಗ್ ವಿಮಾನನಿಲ್ದಾಣ ಮುಳುಗಿತು. ಮರಳುಚೀಲದ ಒಡ್ಡುಗಳು ನಗರದ ನಡುಭಾಗವನ್ನು ಕಾಪಾಡಿದುವು. ಒಡ್ಡಿನ ಹೊರಗಿದ್ದ ಬಡಾವಣೆಗಳ ಜನರಾದರೋ ವಾರಗಟ್ಟಲೆ ಕೊಳೆನೀರಿನಲ್ಲಿ ದಿನ ಕಳೆದರು. ಅಂಗಡಿಬೀದಿಗಳು ಉಳಿಯಲೆಂದು ನಾವೇಕೆ ಮುಳುಗಬೇಕೆಂದು ಅವರು ಕೇಳಿದುದು ನ್ಯಾಯವಾದ ಪ್ರಶ್ನೆಯೇ.

ಈಗ ನೀರಿಗೆ ಮತ್ತೆ ಎಡೆಮಾಡುವ ಯತ್ನ ನಡೆದಿದೆ. ಚುಲಲೋಂಗ್‌ಕೊರ್ನ್ ವಿಶ್ವವಿದ್ಯಾಲಯದ ನೆಲದಲ್ಲಿ 2017ರಲ್ಲಿ ತೆರೆದ ಉದ್ಯಾನವನ್ನು ಒಂದು ಕಡೆಗೆ ಇಳಿಜಾರಾಗಿ ರಚಿಸಿದ್ದಾರೆ. ಅಲ್ಲಿ ಸುರಿದ ಮಳೆ ಬೀದಿಗೆ ಹರಿಯದೆ ತಗ್ಗಿನ ಕೊಳದಲ್ಲಿ ನಿಲ್ಲುತ್ತದೆ.

ಉಳಿದ ಕಾಲುವೆಗಳಲ್ಲಿ ಸೇನ್ ಸೇಪ್ ದೊಡ್ಡದು. ಮೂರನೆಯ ರಾಮನ ಕಾಲದಲ್ಲಿ ತೋಡಿದುದು. ಬೆಳಗಾದರೆ ಕಚೇರಿಗೆ, ಶಾಲೆಗೆ ಹೊರಟವರು ಅದರ ದೋಣಿಗಳಲ್ಲಿ ತುಂಬಿಕೊಳ್ಳುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂತೆಂದರೆ ಅಂಚಿನಲ್ಲಿ ಕುಳಿತವರು ಹಗ್ಗವನ್ನೆಳೆದು ಪಕ್ಕದ ಪರದೆಯನ್ನು ಮೇಲೇರಿಸುತ್ತಾರೆ. ಹೊಸಬನಾದ ಪ್ರವಾಸಿ ಆ ಹಗ್ಗವನ್ನು ಹುಡುಕುವಷ್ಟರಲ್ಲಿ ಕಾಲುವೆಯ ನೀರು ಅವನ ಮುಖಕ್ಕೆ ಸಿಡಿದಿರುತ್ತದೆ.