ದಾಯವಿಭಾಗ: ಮೂರು ನ್ಯಾಯಪರಂಪರೆಗಳು

ಅಳಿದವನ ಆಸ್ತಿ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರ ಮನ್ನಿಸದಿದ್ದಾಗ ರಾಣಿ ಚೆನ್ನಮ್ಮ ಖಡ್ಗ ಹಿಡಿಯಬೇಕಾಯಿತು. ಉಗರಗೋಳದ ಒಕ್ಕಲಿನ ಮನೆಯಲ್ಲಿಯೂ ತಲೆಮಾರಿಗೊಮ್ಮೆ ಅದೇ ಪ್ರಶ್ನೆ ಏಳುತ್ತದೆ. ಭಿನ್ನ ಪರಂಪರೆಗಳು ಇದಕ್ಕಿತ್ತ ಉತ್ತರಗಳನ್ನು ಹೋಲಿಸಿ ನೋಡುವುದು ಆದುದರಿಂದ ಉಚಿತವಾಗಿದೆ.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ವ್ಯಾಖ್ಯಾನದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಇಸ್ಲಾಮೀ ಶಾಸ್ತ್ರದಲ್ಲಿ ಹಕ್ಕು ಹುಟ್ಟುವುದು ಮರಣದಿಂದ; ಮುಖ್ಯ ವಾರಸುದಾರರ ಪಾಲುಗಳನ್ನು ಕುರಾನೇ ಗೊತ್ತುಪಡಿಸಿದೆ. ರೋಮನ್ ಮೂಲದ ಸಿವಿಲ್ ಪರಂಪರೆಗೆ ಸೇರಿದ ಫ್ರಾನ್ಸಿನ 1804ರ ಸಂಹಿತೆಯಾದರೋ ಹಿರಿಯ ಕಿರಿಯ, ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲನ್ನು ವಿಧಿಸಿತು. ಸಿರಾಜಿಯಾ ಗ್ರಂಥವನ್ನು 1792ರಲ್ಲಿ ವಿಲಿಯಂ ಜೋನ್ಸರೂ ಮಿತಾಕ್ಷರದ ದಾಯಪ್ರಕರಣವನ್ನು 1810ರಲ್ಲಿ ಕೋಲ್‌ಬ್ರೂಕರೂ ಇಂಗ್ಲಿಷಿಗೆ ತಂದುದರಿಂದ ಇಂಥ ತುಲನೆಗೆ ಸಾಧನಗಳು ಒದಗಿದವು.

ಒಂದು ಉದಾಹರಣೆಯನ್ನು ನೋಡಬಹುದು. ಒಬ್ಬನು ಮೃತ್ಯುಪತ್ರ ಬರೆಯದೆ, ಸ್ವಯಾರ್ಜಿತವಾದ 40,000 ರೂಪಾಯಿಗಳನ್ನೂ ಹೆಂಡತಿ, ಇಬ್ಬರು ಗಂಡುಮಕ್ಕಳು ಹಾಗೂ ಒಬ್ಬ ಮಗಳನ್ನೂ ಬಿಟ್ಟು ತೀರಿಕೊಂಡನೆನ್ನೋಣ. ಹನಫಿ ಪದ್ಧತಿಯಂತೆ ಹೆಂಡತಿಗೆ 5,000, ಗಂಡುಮಕ್ಕಳಿಗೆ ತಲಾ 14,000, ಮಗಳಿಗೆ 7,000. ಲಿಂಗಾಯತರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಾಲ್ವರಿಗೂ ತಲಾ 10,000. ಫ್ರಾನ್ಸಿನಲ್ಲಿಯೂ 2001ರ ತಿದ್ದುಪಡಿಯ ತರುವಾಯ ಹೆಂಡತಿಯು ಕಾಲುಭಾಗದ ಒಡೆತನವನ್ನು ಆಯ್ದುಕೊಂಡರೆ ಇದೇ ಲೆಕ್ಕ.

ಇಷ್ಟಕ್ಕೇ ನಿಂತರೆ ತೀರ್ಪು ಸುಲಭ. ಆದರೆ ಮೃತ್ಯುಪತ್ರ ಬಂದೊಡನೆ ಚಿತ್ರ ಬದಲಾಗುತ್ತದೆ. ಹನಫಿ ಪದ್ಧತಿಯಲ್ಲಿ ವಾರಸುದಾರರ ಸಮ್ಮತಿಯಿಲ್ಲದೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಿಂದ ಹೊರಗಿನವರಿಗೆ ಕೊಡಲಾಗದು. ಮೂವರು ಮಕ್ಕಳಿದ್ದರೆ ಫ್ರಾನ್ಸಿನಲ್ಲಿ ಅದು ಕಾಲುಭಾಗ ಮಾತ್ರ. ಇಂದಿನ ಹಿಂದೂ ಕಾಯಿದೆಯಲ್ಲಿ ಸ್ವಯಾರ್ಜಿತವನ್ನೆಲ್ಲ ಒಬ್ಬ ಮಗನಿಗೇ ಬರೆದಿಡಬಹುದು. ಮಗಳ 10,000 ಶೂನ್ಯವಾಗಬಹುದು. ಒಂದೆಡೆ ಪಾಲು ಕಿರಿದು, ಆದರೆ ಉಯಿಲಿಗೆ ಅಳಿಯದು. ಇನ್ನೊಂದೆಡೆ ಪಾಲು ಸಮ, ಆದರೆ ಉಯಿಲಿಗೆ ಅಧೀನ.

ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕನ್ನು ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಕೊಟ್ಟಿವೆ. ಆದರೂ ತವರಿನ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಪಾಲಿನ ಗಾತ್ರದೊಡನೆ ಅದರ ಭದ್ರತೆಯನ್ನೂ, ಶಾಸ್ತ್ರದೊಡನೆ ಆಚಾರವನ್ನೂ ತೂಗಿ ನೋಡಿದಾಗಲೇ ತುಲನೆ ಸಾರ್ಥಕವಾಗುತ್ತದೆ.